ಎರಡು ಡಿಸ್ಕ್ ಕಾಣೆಯಾದ ದಿನ

ಕಂಪ್ಯೂಟರ್‌ನ ಭಾಗಗಳೆಲ್ಲ ಕೂರುವ ಮದರ್‌ಬೋರ್ಡ್‌ಗಳನ್ನು ಪರೀಕ್ಷೆ ಮಾಡಿ, ಯಾವುದು ಯಾರಿಗೆ ಹೊಂದುತ್ತದೆ ಎಂದು ಹೇಳುವುದು ನನ್ನ ಕೆಲಸ. ಕೇಳಿಕೊಂಡು ಬರುವವರೆಲ್ಲ ಕಂಪ್ಯೂಟರ್ ಹುಚ್ಚು ಹಿಡಿದವರು. ಓವರ್‌ಕ್ಲಾಕ್ ಮಾಡುವವರು, ಅಂದರೆ ಪ್ರೊಸೆಸರ್ ಅನ್ನು ನಿಗದಿತ ವೇಗಕ್ಕಿಂತ ಜಾಸ್ತಿ ಓಡಿಸುವವರು, ಅರ್ಧ ಡಜನ್ ಡ್ರೈವ್ ಸಾಕಿಕೊಂಡವರು. ತಪ್ಪು ಹೇಳಿದರೆ ಅವರ ಹತ್ತಿರ ಬಚಾವಾಗುವುದು ಕಷ್ಟ.

ಶುರುವಿನಲ್ಲಿ ನಾನು ಪೆಟ್ಟಿಗೆ ಮೇಲಿನ ಪಟ್ಟಿ ನೋಡಿಯೇ ಅಂಕ ಹಾಕುತ್ತಿದ್ದೆ. ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಮೂರು, ಹಾರ್ಡ್ ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್ ಆರು, ಪ್ರೊಸೆಸರ್‌ಗೆ ಕರೆಂಟ್ ಕೊಡುವ ಫೇಸ್ ಹದಿನಾರು. ಜಾಸ್ತಿ ಇದ್ದದ್ದೇ ಒಳ್ಳೆಯದು, ಅಷ್ಟೇ ಲೆಕ್ಕ. ವಿಡಿಯೊ ಎಡಿಟಿಂಗ್ ಮಾಡುವ ಒಬ್ಬರಿಗೆ ಹಾಗೇ ಒಂದು ಬೋರ್ಡ್ ತೆಗೆದುಕೊಳ್ಳಲು ಹೇಳಿದೆ. ಅವರ ಹತ್ತಿರ ಆರು ಹಾರ್ಡ್ ಡಿಸ್ಕ್ ಇದ್ದವು. ಕೆಲವು ತಿಂಗಳು ಎಲ್ಲ ಸರಿಯಿತ್ತು. ಮೂರನೇ ಎಂ.2 ಎಸ್‌ಎಸ್‌ಡಿ ಹಾಕಿದ ದಿನ ಎರಡು ಹಾರ್ಡ್ ಡಿಸ್ಕ್ ಮಾಯ.

ಕೇಬಲ್ ಬದಲಿಸಿದೆವು. ಪವರ್ ಕನೆಕ್ಟರ್ ಬದಲಿಸಿದೆವು. ಬೋರ್ಡ್‌ನೊಳಗಿನ ಮೂಲ ತಂತ್ರಾಂಶವಾದ ಬಯಾಸ್ ಅಪ್‌ಡೇಟ್ ಮಾಡಿದೆವು. ಅರ್ಧ ದಿನ ಹೋಯಿತು. ಕೊನೆಗೆ ಬೇರೆ ದಾರಿ ಕಾಣದೆ ಮ್ಯಾನ್ಯುಯಲ್ ತೆಗೆದೆ. ಸ್ಲಾಟ್‌ಗಳ ಚಿತ್ರದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಮಾತಿತ್ತು: ಮೂರನೇ ಎಂ.2 ಬಳಸಿದರೆ ಸಾಟಾ 5 ಮತ್ತು 6 ಕೆಲಸ ಮಾಡುವುದಿಲ್ಲ. ಬೋರ್ಡ್‌ಗೆ ಏನೂ ಆಗಿರಲಿಲ್ಲ. ಓದದೆ ಸಲಹೆ ಕೊಟ್ಟವನು ನಾನು.

ಇದರಲ್ಲಿ ಮೋಸ ಏನೂ ಇಲ್ಲ. ಪ್ರೊಸೆಸರ್‌ನಿಂದ ಮತ್ತು ಚಿಪ್‌ಸೆಟ್‌ನಿಂದ (ಡ್ರೈವ್, ಯುಎಸ್‌ಬಿ ಮುಂತಾದವನ್ನು ಪ್ರೊಸೆಸರ್‌ಗೆ ಜೋಡಿಸುವ ಚಿಪ್) ಹೊರಡುವ ಲೇನ್‌ಗಳು, ಅಂದರೆ ಡೇಟಾ ಓಡುವ ದಾರಿಗಳು, ಇಷ್ಟೇ ಎಂದು ಮೊದಲೇ ನಿಗದಿಯಾಗಿರುತ್ತವೆ. ಕನೆಕ್ಟರ್ ಎಷ್ಟು ಬೇಕಾದರೂ ಕೂರಿಸಬಹುದು, ಲೇನ್ ಮಾತ್ರ ಹಂಚಿಕೊಳ್ಳಲೇಬೇಕು. ಇನ್ನೊಂದು ವಿಷಯವೂ ಇದೆ. ಚಿಪ್‌ಸೆಟ್‌ಗೆ ಸೇರಿದ ಎಲ್ಲವೂ ಪ್ರೊಸೆಸರ್ ತಲುಪಲು ಒಂದೇ ದಾರಿ. ಎಎಂಡಿ ಕಂಪನಿಯ ರೈಜೆನ್ 7000ರಂಥ ಪ್ರೊಸೆಸರ್ ಕೂರುವ ಎಎಂ5 ಬೋರ್ಡ್‌ಗಳಲ್ಲಿ ಆ ದಾರಿ ಪಿಸಿಐಇ ಎಂಬ ಸಂಪರ್ಕದ ನಾಲ್ಕನೇ ತಲೆಮಾರಿನ (4.0) ನಾಲ್ಕು ಲೇನ್, ಅಂದರೆ ಸೆಕೆಂಡಿಗೆ ಸುಮಾರು 8 ಜಿಬಿ. ಅದೇ ನಾಲ್ಕನೇ ತಲೆಮಾರಿನ (ಜೆನ್ 4) ವೇಗದ ಎಸ್‌ಎಸ್‌ಡಿ ಒಂದೇ 7 ಜಿಬಿ ಎಳೆಯುತ್ತದೆ. ಅಂಥವು ಎರಡನ್ನು ಚಿಪ್‌ಸೆಟ್ ಕಡೆ ಹಾಕಿ ಒಂದರಿಂದ ಇನ್ನೊಂದಕ್ಕೆ ದೊಡ್ಡ ಫೈಲ್ ಕಳಿಸುವಾಗಲೇ ನೆಟ್‌ವರ್ಕ್, ಯುಎಸ್‌ಬಿ ಎಲ್ಲವೂ ಓಡಲಿ ಎಂದರೆ ಎಲ್ಲೋ ಒಂದು ಕಡೆ ಕಾಯಲೇಬೇಕು.

ಅಂದಿನಿಂದ ಪೆಟ್ಟಿಗೆ ಬಿಚ್ಚುವ ಮೊದಲು ಮ್ಯಾನ್ಯುಯಲ್ ಓದುತ್ತೇನೆ. ಒಂದು ಹಾಳೆ ಮೇಲೆ ನಡುವೆ ಪ್ರೊಸೆಸರ್, ಕೆಳಗೆ ಚಿಪ್‌ಸೆಟ್ ಬರೆದು, ಯಾವ ಸ್ಲಾಟ್ ಎಲ್ಲಿಗೆ ಸೇರುತ್ತದೆ ಎಂದು ಗೆರೆ ಎಳೆಯುತ್ತೇನೆ. ಯಾವುದು ತುಂಬಿದರೆ ಯಾವುದು ಆರುತ್ತದೆ ಎಂದು ಕೆಂಪು ಪೆನ್ನಿನಲ್ಲಿ ಗುರುತು. ಹದಿನೈದು ನಿಮಿಷದ ಕೆಲಸ. ಗ್ರಾಫಿಕ್ಸ್ ಕಾರ್ಡ್‌ನಂಥವು ಕೂರುವ ಉದ್ದ ಸ್ಲಾಟ್ ನೋಡಿಯೂ ಈಗ ನಂಬುವುದಿಲ್ಲ. ಟಾರ್ಚ್ ಹಿಡಿದು ಒಳಗೆ ನೋಡಿದರೆ ಕೆಲವು ಸ್ಲಾಟ್‌ಗಳಲ್ಲಿ ಕಾಲು ಭಾಗಕ್ಕೆ ಮಾತ್ರ ಪಿನ್ ಇರುತ್ತದೆ, ಉಳಿದದ್ದು ಖಾಲಿ ಪ್ಲಾಸ್ಟಿಕ್.

ಆಮೇಲೆ ವಿಆರ್‌ಎಂ. 12 ವೋಲ್ಟ್ ಅನ್ನು ಪ್ರೊಸೆಸರ್‌ಗೆ ಬೇಕಾದ ಒಂದು ಚಿಲ್ಲರೆ ವೋಲ್ಟ್‌ಗೆ ಇಳಿಸುವ ಭಾಗ ಇದು. 200 ವ್ಯಾಟ್ ಅನ್ನು 1.2 ವೋಲ್ಟ್‌ನಲ್ಲಿ ಕೊಡಬೇಕೆಂದರೆ 160 ಆಂಪಿಯರ್‌ಗಿಂತ ಜಾಸ್ತಿ ಕರೆಂಟ್ ಹರಿಯಬೇಕು. ಬಿಸಿ ಆಗದೇ ಇರುತ್ತದಾ? ಇಲ್ಲಿ ಫೇಸ್ ಎಣಿಸುವುದು ಸುಮ್ನೆ ಅರ್ಧ ಲೆಕ್ಕ. ವಿಆರ್‌ಎಂ ನಡೆಸುವ ಕಂಟ್ರೋಲರ್ ಚಿಪ್ ಎಂಟೇ ಸಿಗ್ನಲ್ ಕೊಟ್ಟು, ಅದನ್ನು ಎರಡೆರಡಾಗಿ ಹಂಚಿದರೂ ಪೆಟ್ಟಿಗೆ ಮೇಲೆ ಹದಿನಾರು ಎಂದೇ ಬರುತ್ತದೆ. ಅದು ಕೆಟ್ಟದ್ದೇನಲ್ಲ. ಆದರೆ ಒಂದೊಂದು ಪವರ್ ಸ್ಟೇಜ್ (ಕರೆಂಟ್ ಹರಿಸುವ ಚಿಪ್) ಎಷ್ಟು ಆಂಪಿಯರ್‌ನದ್ದು, ಮೇಲಿನ ಹೀಟ್‌ಸಿಂಕ್‌ಗೆ ನಿಜವಾದ ರೆಕ್ಕೆಗಳಿವೆಯಾ ಅಥವಾ ಬರೀ ಅಲಂಕಾರದ ತಗಡಾ, ಅದನ್ನು ನೋಡಬೇಕು.

ಇದರಲ್ಲೂ ಒಮ್ಮೆ ಎಡವಿದ್ದೇನೆ. ತೆರೆದ ಮೇಜಿನ ಮೇಲೆ ಬೋರ್ಡ್ ಇಟ್ಟು, ಪ್ರೊಸೆಸರ್‌ಗೆ ದೊಡ್ಡ ಏರ್ ಕೂಲರ್ ಹಾಕಿ ಅರ್ಧ ಗಂಟೆ ಓಡಿಸಿದಾಗ ವಿಆರ್‌ಎಂ 74 ಡಿಗ್ರಿ ತೋರಿಸಿತು. ಖುಷಿಯಾಯಿತು. ಅದೇ ಬೋರ್ಡ್ ಅನ್ನು ಕ್ಯಾಬಿನೆಟ್ ಒಳಗಿಟ್ಟು ಲಿಕ್ವಿಡ್ ಕೂಲರ್ ಹಾಕಿದಾಗ 97. ಪ್ರೊಸೆಸರ್ ತಣ್ಣಗಿತ್ತು, ಪಕ್ಕದ ವಿಆರ್‌ಎಂ ಬೇಯುತ್ತಿತ್ತು. ಏರ್ ಕೂಲರ್‌ನ ಫ್ಯಾನ್ ಅಕ್ಕಪಕ್ಕಕ್ಕೂ ಗಾಳಿ ಬಿಡುತ್ತದೆ, ಲಿಕ್ವಿಡ್ ಕೂಲರ್‌ನ ಪಂಪ್ ಬಿಡುವುದಿಲ್ಲ. ದುಡ್ಡು ಖರ್ಚು ಮಾಡಿ ಕಟ್ಟಿಸುವವರಲ್ಲಿ ಬಹಳ ಜನ ಹಾಕುವುದು ಲಿಕ್ವಿಡ್ ಕೂಲರ್ ಅಲ್ವಾ? ಈಗ ಬೋರ್ಡ್‌ನ ಹಿಂಭಾಗದಲ್ಲಿ, ವಿಆರ್‌ಎಂ ಇರುವ ಜಾಗಕ್ಕೆ ಸರಿಯಾಗಿ ಉಷ್ಣ ಅಳೆಯುವ ತಂತಿ ಅಂಟಿಸಿ, ಕ್ಯಾಬಿನೆಟ್ ಮುಚ್ಚಿಯೇ ಅಳೆಯುತ್ತೇನೆ.

ರ‍್ಯಾಮ್ ಬಗ್ಗೆ ಒಂದೇ ಮಾತು. ನಾಲ್ಕು ಸ್ಲಾಟ್ ಇವೆ ಎಂದು ನಾಲ್ಕೂ ತುಂಬಬೇಡಿ. ರೈಜೆನ್ 7000 ಸಾಲಿಗೆ ಎರಡು ಸ್ಟಿಕ್ ಇದ್ದಾಗ ಎಎಂಡಿ ಹೇಳುವ ವೇಗ ಡಿಡಿಆರ್5-5200, ನಾಲ್ಕಿದ್ದಾಗ 3600. ಬೇಕಾದಷ್ಟನ್ನು ಎರಡರಲ್ಲೇ ತೆಗೆದುಕೊಳ್ಳಿ. ಆನ್‌ಬೋರ್ಡ್ ಸೌಂಡ್, ಬಣ್ಣದ ದೀಪ ಇವಕ್ಕೆಲ್ಲ ನಾನು ಅಂಕ ಕೊಡುವುದನ್ನೇ ಬಿಟ್ಟಿದ್ದೇನೆ. ಬೇಕಾದವರು ನೋಡಿಕೊಳ್ಳಲಿ.

ಅಂಕ ಕೊಡುವುದು ಎರಡಂಕಿಯ ಡೀಬಗ್ ಡಿಸ್‌ಪ್ಲೇಗೆ. ಓವರ್‌ಕ್ಲಾಕ್ ಮಾಡುವವರಿಗೆ ಬೂಟ್ ಆಗದಿರುವುದು ವಾರದ ಹಬ್ಬ ಇದ್ದಂತೆ. ಎಲ್ಲಿ ನಿಂತಿದೆ ಎಂದು ಬೋರ್ಡ್ ತಾನೇ ಹೇಳಿದರೆ ಅರ್ಧ ಕೆಲಸ ಮುಗಿಯಿತು. ಬರೀ ಯುಎಸ್‌ಬಿ ಡ್ರೈವ್ ಚುಚ್ಚಿ ಬಟನ್ ಒತ್ತಿ ಬಯಾಸ್ ಹಾಕುವ ಸೌಲಭ್ಯಕ್ಕೂ ಅಂಕ ಇದೆ. ಹಳೆಯ ಬಯಾಸ್ ಇರುವ ಬೋರ್ಡ್ ಹೊಸ ಪ್ರೊಸೆಸರ್ ಅನ್ನು ಗುರುತಿಸದೇ ಇದ್ದಾಗ, ಇದೊಂದು ಇಲ್ಲದಿದ್ದರೆ ಹಳೆ ಪ್ರೊಸೆಸರ್ ಎಲ್ಲಿ ಸಾಲ ಸಿಗುತ್ತದೆ ಎಂದು ಹುಡುಕಬೇಕು.

ಇನ್ನೊಂದು ಪರೀಕ್ಷೆ ಯಾವ ಪಟ್ಟಿಯಲ್ಲೂ ಇಲ್ಲ. ಕೆಟ್ಟುಹೋದ ಮೂರು ಸ್ಲಾಟ್ ದಪ್ಪದ ಗ್ರಾಫಿಕ್ಸ್ ಕಾರ್ಡ್ ಒಂದನ್ನು ಎಸೆಯದೆ ಇಟ್ಟುಕೊಂಡಿದ್ದೇನೆ. ಪ್ರತಿ ಬೋರ್ಡ್ ಮೇಲೂ ಅದನ್ನು ಕೂರಿಸಿ, ಸ್ಲಾಟ್‌ನ ಕೊಕ್ಕೆ ಬಿಡಿಸಲು ಬೆರಳು ಹೋಗುತ್ತದಾ, ಬಯಾಸ್ ಸೆಟ್ಟಿಂಗ್ ಅಳಿಸುವ ಸಿಮಾಸ್ ಕ್ಲಿಯರ್ ಪಿನ್ ಕಾರ್ಡ್ ಕೆಳಗೆ ಹೂತುಹೋಗಿದೆಯಾ ಎಂದು ನೋಡುತ್ತೇನೆ. ಹೋದ ವಾರದ ಬೋರ್ಡ್‌ನಲ್ಲಿ ಕೊಕ್ಕೆ ಬಿಡಿಸಲು ಮರದ ಸ್ಕೇಲ್ ಬೇಕಾಯಿತು. ವರದಿಯ ಮೊದಲ ಸಾಲಿನಲ್ಲೇ ಅದನ್ನು ಬರೆದೆ.