ರಥ ಹೋದಲ್ಲೆಲ್ಲ ಬಡಗಿಯೂ ಹೋಗಿರಬೇಕು

ಬಿಡುವಿದ್ದಾಗ ಮರಗೆಲಸ ಮಾಡುವ ಹುಚ್ಚು ನನಗೆ. ಹಾಗಾಗಿ ಹಳೆಯ ಕಾಲದ ರಥಗಳ ಚಿತ್ರ ಕಂಡರೆ ಕುದುರೆ, ಬಿಲ್ಲು, ರಾಜ ಯಾವುದೂ ಕಾಣುವುದಿಲ್ಲ. ಕಣ್ಣು ಸೀದಾ ಚಕ್ರಕ್ಕೆ ಹೋಗುತ್ತದೆ.

ಯುದ್ಧದ ಗಾಡಿ ರಥಕ್ಕಿಂತ ಹಳೆಯದು. ಕ್ರಿ.ಪೂ. 2500ರ ಸುಮಾರಿಗೇ ಈಗಿನ ಇರಾಕಿನ ದಕ್ಷಿಣದಲ್ಲಿದ್ದ ಸುಮೇರಿನವರ ಬಳಿ ಇತ್ತು. ಆದರೆ ಅದಕ್ಕೆ ಹಲಗೆ ಜೋಡಿಸಿದ ಗಟ್ಟಿ ಚಕ್ರ. ಎಳೆಯುತ್ತಿದ್ದದ್ದು ಕತ್ತೆ ಜಾತಿಯ ಪ್ರಾಣಿಗಳು. ಭಾರ ಜಾಸ್ತಿ, ಓಟ ಕಡಿಮೆ. ಕಡ್ಡಿಗಳಿರುವ ಹಗುರ ಚಕ್ರದ ತುಂಬ ಹಳೆಯ ಗುರುತು ಸಿಕ್ಕಿರುವುದು ರಷ್ಯಾದ ದಕ್ಷಿಣ ಉರಲ್ ಸೀಮೆಯಲ್ಲಿರುವ ಸಿಂತಾಷ್ಟಾ ಅನ್ನುವ ಜಾಗದ ಗೋರಿಗಳಲ್ಲಿ, ಕ್ರಿ.ಪೂ. 2000ದ ಆಸುಪಾಸಿನದು. ಮರವೆಲ್ಲ ಕೊಳೆತುಹೋಗಿದೆ. ಚಕ್ರ ನಿಲ್ಲಿಸಿದ್ದ ಕುಳಿಗಳಲ್ಲಿ ಕಡ್ಡಿಗಳ ಅಚ್ಚು ಮಾತ್ರ ಮಣ್ಣಿನಲ್ಲಿ ಉಳಿದಿದೆ.

ಈಜಿಪ್ಟಿನ ಉತ್ತರ ಭಾಗ ಆಳಿದ ಹೊರಗಿನ ಮೂಲದ ಹಿಕ್ಸೋಸ್ ಅರಸರ ಕಾಲದ ಹೊತ್ತಿಗೆ ರಥ ಈಜಿಪ್ಟಿಗೆ ಬಂದಿತ್ತು. ಅಲ್ಲಿನ ಚಕ್ರ ನೋಡಿ ನಾನು ದಂಗಾದೆ. ಮರವನ್ನು 'ವಿ' ಆಕಾರಕ್ಕೆ ಬಗ್ಗಿಸುತ್ತಾರೆ. ಅಂಥ ಆರು ತುಂಡುಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದರೆ ಆರು ಕಡ್ಡಿಗಳಾಗುತ್ತವೆ! ಮೇಲೆ ಹಸಿ ತೊಗಲು ಸುತ್ತುತ್ತಾರೆ, ಅದು ಒಣಗಿದಾಗ ಬಿಗಿದು ಕೂರುತ್ತದೆ. ಈ ರಥಗಳಿಗೆ ಬಳಸಿದ ಎಲ್ಮ್ ಮರ, ಬರ್ಚ್ ಮರದ ತೊಗಟೆ ಎರಡೂ ಈಜಿಪ್ಟಿನವಲ್ಲ, ಹೊರಗಿನಿಂದ ತರಿಸಿದ್ದು. ಅಲ್ಲಿನ ರಾಜ ಟುಟಾಂಖಾಮನ್ ಸಮಾಧಿಯಲ್ಲಿ ಇಂಥ ರಥಗಳು ಒಟ್ಟು 6 ಸಿಕ್ಕಿವೆ.

ಇದನ್ನು ದೂರದಿಂದ ಒಮ್ಮೆ ನೋಡಿ ಯಾರಾದರೂ ಮಾಡಿಬಿಡಲು ಆಗುತ್ತಾ? ನನಗಂತೂ ನಂಬಿಕೆಯಿಲ್ಲ. ಮರ ಎಷ್ಟು ಹಸಿ ಇರಬೇಕು, ಎಷ್ಟು ಕಾಯಿಸಬೇಕು ಅನ್ನುವುದು ಕೈಯಿಂದ ಕೈಗೆ ಬರುವ ವಿದ್ಯೆ. ರಥ ಲೂಟಿಯಲ್ಲೋ ಕಾಣಿಕೆಯಾಗಿಯೋ ಬಂದಿರಬಹುದು. ಆದರೆ ರಿಪೇರಿಗೆ ಜನ ಬೇಕಲ್ವಾ?

ಕುದುರೆಯ ಮಟ್ಟಿಗೆ ಅಂಥ ಒಬ್ಬನ ಹೆಸರೇ ಉಳಿದಿದೆ. ಕಿಕ್ಕುಲಿ ಅಂತ, ಈಗಿನ ಸಿರಿಯಾದ ಉತ್ತರದ ಕಡೆ ಇದ್ದ ಮಿತನ್ನಿ ರಾಜ್ಯದವನು. ರಥದ ಕುದುರೆಗಳನ್ನು ಪಳಗಿಸುವ ಅವನ ಕ್ರಮ ಈಗಿನ ಟರ್ಕಿಯಲ್ಲಿದ್ದ ಹಿಟ್ಟೈಟರ ರಾಜಧಾನಿ ಹತ್ತುಸಾದಲ್ಲಿ ಮಣ್ಣಿನ ಫಲಕಗಳ ಮೇಲೆ ಸಿಕ್ಕಿದೆ. ಯಾವ ದಿನ ಎಷ್ಟು ಓಡಿಸಬೇಕು, ಏನು ತಿನ್ನಿಸಬೇಕು, ಯಾವಾಗ ಮೈ ತೊಳೆಸಬೇಕು, ಎಲ್ಲ ಇದೆ. ತಿಂಗಳುಗಟ್ಟಲೆಯ ತಾಲೀಮು.

ಪೂರ್ವಕ್ಕೂ ಇದೇ ಕಥೆ. ಚೀನಾದ ಅನ್ಯಾಂಗ್‌ನಲ್ಲಿ ಕ್ರಿ.ಪೂ. 1200ರ ಸುಮಾರಿಗೆ ರಥ ಕಾಣಿಸಿಕೊಳ್ಳುವುದೇ ಪೂರ್ತಿ ತಯಾರಾದ ರೂಪದಲ್ಲಿ. ಆದರೆ ಅಲ್ಲಿನ ಬಡಗಿಗಳು ಸುಮ್ನೆ ನಕಲು ಮಾಡಲಿಲ್ಲ. ಚಕ್ರ ದೊಡ್ಡದು, ಕಡ್ಡಿಗಳು 18 ಅಥವಾ ಇನ್ನೂ ಹೆಚ್ಚು.

2018ರಲ್ಲಿ ಉತ್ತರ ಪ್ರದೇಶದ ಸಿನೌಲಿಯಲ್ಲಿ ನೆಲ ಅಗೆದಾಗ ಸಿಕ್ಕಿದ ಹಳೆಯ ಗಾಡಿಗಳು ರಥವೇ ಅಂತ ವಾದ ಮಾಡುವ ಗೆಳೆಯರಿದ್ದಾರೆ. ತಾಮ್ರದ ಅಲಂಕಾರ ಸೊಗಸಾಗಿದೆ, ನಿಜ. ಆದರೆ ಚಕ್ರ ಗಟ್ಟಿ, ಕಡ್ಡಿಗಳಿಲ್ಲ. ನನ್ನ ಲೆಕ್ಕದಲ್ಲಿ ಅದು ಒಳ್ಳೆಯ ಗಾಡಿ, ರಥ ಅಲ್ಲ. ಜಗಳಕ್ಕೆ ಬರುವವರು ಬರಬಹುದು.