ಋಷಿಕೇಶದಲ್ಲಿ ಸಿಕ್ಕ ಪುತ್ತೂರು

ಕಾಶಿಯ ಗಂಗೆಯನ್ನು ಮೊದಲು ನೋಡಿದವರಿಗೆ ಋಷಿಕೇಶದ ಗಂಗೆ ಬೇರೆಯೇ ನದಿಯೆಂದು ತೋರುತ್ತದೆ. ಅಲ್ಲಿ ಹರವಾಗಿ, ಹೆಚ್ಚು ಸದ್ದಿಲ್ಲದೆ ಸಾಗುವ ಹೊಳೆ ಇಲ್ಲಿ ಬಂಡೆಗಳಿಗೆ ಬಡಿದು ಮಾತನಾಡುತ್ತದೆ. ದೇವಪ್ರಯಾಗದಲ್ಲಿ ಭಾಗೀರಥಿಯೂ ಅಲಕನಂದೆಯೂ ಕೂಡಿ ಗಂಗೆಯೆಂಬ ಹೆಸರು ಪಡೆದು, ಅಲ್ಲಿಂದ ಸುಮಾರು 70 ಕಿ.ಮೀ. ಬೆಟ್ಟಗಳ ಇಕ್ಕಟ್ಟಿನಲ್ಲಿ ನುಸುಳಿ, ಬಯಲನ್ನು ಕಾಣುವ ಜಾಗ ಇದು. ನವೆಂಬರಿನ ಆ ಬೆಳಿಗ್ಗೆ ನೀರು ತಿಳಿಹಸಿರಾಗಿತ್ತು. ಮೆಟ್ಟಿಲ ಮೇಲೆ ನಿಂತು ಪಾದ ಮುಳುಗಿಸಿದೆನಾದರೂ ಮೀಯುವ ಧೈರ್ಯವಾಗಲಿಲ್ಲ. ಪಕ್ಕದಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಮೂರು ಮುಳುಗು ಹಾಕಿ ಎದ್ದು ನನ್ನತ್ತ ನೋಡಿದ ನೋಟವನ್ನು ಇಲ್ಲಿ ವಿವರಿಸುವುದು ಬೇಡ.

ನಮ್ಮಲ್ಲಿ ಅನೇಕರು ಋಷಿಕೇಶವೆಂಬ ಹೆಸರನ್ನು ಋಷಿಗಳೊಂದಿಗೆ ಜೋಡಿಸುತ್ತಾರೆ. ಮೂಲದಲ್ಲಿ ಅದು ಹೃಷೀಕೇಶ, ಅಂದರೆ ಇಂದ್ರಿಯಗಳ ಒಡೆಯನಾದ ವಿಷ್ಣು. ಊರಿಗೆ ಮಾತ್ರ ಜನರ ನಾಲಿಗೆ ಕೊಟ್ಟ ರೂಪವೇ ನಿಂತಿದೆ.

ನಾನು ಉಳಿದುಕೊಂಡದ್ದು ಮುನಿ ಕೀ ರೇತಿಯಲ್ಲಿ, ಸ್ವಾಮಿ ಶಿವಾನಂದರ ಆಶ್ರಮಕ್ಕೆ ನಾಲ್ಕು ಹೆಜ್ಜೆ ದೂರದಲ್ಲಿ. ಶಿವಾನಂದರು ತಮಿಳುನಾಡಿನ ಪತ್ತಮಡೈಯವರು. ಮಲಯದಲ್ಲಿ (ಇಂದಿನ ಮಲೇಷ್ಯಾ) ವೈದ್ಯರಾಗಿ ದುಡಿದು, ಎಲ್ಲವನ್ನೂ ಬಿಟ್ಟು 1924ರಲ್ಲಿ ಇಲ್ಲಿಗೆ ಬಂದವರು. ಸಂನ್ಯಾಸ ಪಡೆದ ಮೇಲೂ ಅವರು ವೈದ್ಯವೃತ್ತಿ ಬಿಡಲಿಲ್ಲ: ವಿಮೆಯ ಹಣ ಕೈಗೆ ಬಂದಾಗ ಲಕ್ಷ್ಮಣ ಝೂಲಾದ ಬಳಿ ಯಾತ್ರಿಕರಿಗೂ ಸಾಧುಗಳಿಗೂ ಉಚಿತ ಔಷಧಾಲಯ ತೆರೆದರು. ಅವರು ಕಟ್ಟಿದ ದಿವ್ಯ ಜೀವನ ಸಂಘ ಹುಟ್ಟಿದ್ದು 1936ರಲ್ಲಿ. ಆಶ್ರಮದ ಭಜನಾ ಮಂದಿರದಲ್ಲಿ 1943ರ ಡಿಸೆಂಬರ್ 3ರಂದು ಆರಂಭವಾದ 'ಹರೇ ರಾಮ' ಮಹಾಮಂತ್ರದ ಕೀರ್ತನೆ ಹಗಲಿರುಳೂ ನಿಲ್ಲದೆ ನಡೆಯುತ್ತ ಬಂದಿದೆ. ನಾನು ಹೋದಾಗ ಒಬ್ಬರೇ ಕುಳಿತು ತಾಳ ಹಾಕುತ್ತ ಮೆಲುದನಿಯಲ್ಲಿ ಹಾಡುತ್ತಿದ್ದರು. ಕೇಳುವವರು ಇದ್ದಾರೋ ಇಲ್ಲವೋ ಎಂಬ ಚಿಂತೆ ಅವರಿಗೆ ಇದ್ದಂತೆ ಕಾಣಲಿಲ್ಲ.

ಪುಸ್ತಕದ ಮಳಿಗೆಯಲ್ಲಿ ನನ್ನ ಹಿಂದಿಯನ್ನು ಸ್ವಲ್ಪ ಹೊತ್ತು ಸಹಿಸಿಕೊಂಡ ಹಿರಿಯರೊಬ್ಬರು, "ಕರ್ನಾಟಕದವರೋ? ಹಾಗಾದರೆ ಇವರನ್ನು ಓದಬೇಕು" ಎಂದು ಕನ್ನಡದಲ್ಲೇ ಹೇಳಿ, ಸ್ವಾಮಿ ಕೃಷ್ಣಾನಂದರ ಉಪನಿಷತ್ ಉಪನ್ಯಾಸಗಳನ್ನು ಮುಂದಿಟ್ಟರು. ನಾಚಿಕೆಯ ಸಂಗತಿಯೆಂದರೆ, ಕೃಷ್ಣಾನಂದರು ನಮ್ಮ ಪುತ್ತೂರಿನ ಕಡೆಯವರೆಂಬುದು ನನಗೆ ತಿಳಿದದ್ದು ಅಲ್ಲಿ, ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಬಂದ ಮೇಲೆ. 1922ರಲ್ಲಿ ಹುಟ್ಟಿದ ಅವರು ಇಪ್ಪತ್ತರ ಹರೆಯದಲ್ಲಿ ಇಲ್ಲಿಗೆ ಬಂದು ಸೇರಿ, ಸುಮಾರು 40 ವರ್ಷ ಸಂಘದ ಪ್ರಧಾನ ಕಾರ್ಯದರ್ಶಿಯಾಗಿ, 2001ರಲ್ಲಿ ತೀರಿಕೊಳ್ಳುವವರೆಗೂ ಇದ್ದರು. ಶಿವಾನಂದರು 1963ರಲ್ಲಿ ತೀರಿಕೊಂಡ ಮೇಲೆ ಅಧ್ಯಕ್ಷರಾದ ಸ್ವಾಮಿ ಚಿದಾನಂದರೂ ಮಂಗಳೂರಿನಲ್ಲಿ ಹುಟ್ಟಿದವರು. ತಮಿಳು ವೈದ್ಯರೊಬ್ಬರು ಕಟ್ಟಿದ ಈ ಸಂಸ್ಥೆಯನ್ನು ಗಂಗೆಯ ದಡದಲ್ಲಿ ದಶಕಗಳ ಕಾಲ ಮುನ್ನಡೆಸಿದವರು ದಕ್ಷಿಣ ಕನ್ನಡದ ಇಬ್ಬರು.

ಮಧ್ಯಾಹ್ನ ರಾಮ ಝೂಲಾ ದಾಟಿದೆ. ಈ ತೂಗುಸೇತುವೆ 1986ರದು. ಇದಕ್ಕಿಂತ ಹಳೆಯದಾದ ಲಕ್ಷ್ಮಣ ಝೂಲಾ ಮೇಲ್ಗಡೆಗಿದೆ; 1924ರ ಪ್ರವಾಹದಲ್ಲಿ ಹಿಂದಿನ ಸೇತುವೆ ಕೊಚ್ಚಿಹೋದ ಮೇಲೆ ಅದನ್ನು ಕಟ್ಟಿ, 1930ರಲ್ಲಿ ಸಂಚಾರಕ್ಕೆ ತೆರೆದಿದ್ದರು. 2019ರಲ್ಲಿ ಅದು ಸುರಕ್ಷಿತವಲ್ಲವೆಂದು ಮುಚ್ಚುವ ತೀರ್ಮಾನವಾಯಿತು. ರಾಮ ಝೂಲಾದ ನಡುವೆ ಹಸುವೊಂದು ಅಡ್ಡ ನಿಂತದ್ದರಿಂದ ಎರಡೂ ಕಡೆಯ ಜನ ಒಂದಿಷ್ಟು ಹೊತ್ತು ಒಟ್ಟಿಗೆ ತೂಗಿದೆವು.

ಆಚೆ ದಡದ ಸ್ವರ್ಗಾಶ್ರಮವನ್ನು ದಾಟಿ ಕಾಡಿನಂಚಿಗೆ ನಡೆದರೆ ಚೌರಾಸಿ ಕುಟಿಯಾ ಸಿಗುತ್ತದೆ. ಮಹರ್ಷಿ ಮಹೇಶ ಯೋಗಿಯವರ ಈ ಆಶ್ರಮಕ್ಕೆ 1968ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಬೀಟಲ್ಸ್ ಸಂಗೀತ ತಂಡದವರು ಬಂದಿದ್ದರು. ಅವರು ಇಲ್ಲಿ ಬರೆದ ಹಾಡುಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಊಟ ಒಗ್ಗದೆ ತಂಡದ ರಿಂಗೋ ಸ್ಟಾರ್ ಸುಮಾರು ಹತ್ತೇ ದಿನಗಳಲ್ಲಿ ಹೊರಟುಹೋದದ್ದು ನನಗೆ ಹೆಚ್ಚು ಆಪ್ತವೆನಿಸುತ್ತದೆ. ಯೋಗಿಗಳು ಬಿಟ್ಟುಹೋದ ಮೇಲೆ ಕಾಡು ಜಾಗವನ್ನು ಮರಳಿ ಪಡೆಯತೊಡಗಿತು. ರಾಜಾಜಿ ಹುಲಿ ಸಂರಕ್ಷಿತ ಪ್ರದೇಶದೊಳಗಿರುವ ಇದನ್ನು ಅರಣ್ಯ ಇಲಾಖೆ 2015ರ ಡಿಸೆಂಬರಿನಲ್ಲಿ ಟಿಕೆಟ್ ಇಟ್ಟು ತೆರೆಯಿತು. ನದಿಯ ಉರುಟು ಕಲ್ಲುಗಳನ್ನು ಹೊದ್ದ, ಗುಮ್ಮಟದಂಥ ಧ್ಯಾನದ ಗುಡಿಸಲೊಂದರೊಳಗೆ ಬಗ್ಗಿ ಹೋಗಿ ಕುಳಿತೆ. ಧ್ಯಾನ ಹತ್ತಲಿಲ್ಲ. ಹೊರಗೆ ಫೋಟೋಗಾಗಿ ಕಾಯುತ್ತಿದ್ದವರ ಪಿಸುಮಾತು ಗಂಗೆಗಿಂತ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಬಣ್ಣಬಣ್ಣದ ಗೋಡೆಚಿತ್ರಗಳಿಗಿಂತ, ಬಿರುಕಿನಲ್ಲಿ ಬೇರು ಇಳಿಸಿ ಗೋಡೆಯನ್ನೇ ಅಪ್ಪಿಕೊಂಡ ಗಿಡಗಳು ನನ್ನ ಮನಸ್ಸಿನಲ್ಲಿ ಉಳಿದಿವೆ.

ಸಂಜೆ ಪರಮಾರ್ಥ ನಿಕೇತನದ ಘಾಟಿನಲ್ಲಿ ಆರತಿ. ನೀರಿನೊಳಗಿನ ಶಿವನ ದೊಡ್ಡ ಮೂರ್ತಿಯ ಮುಂದೆ ಜನ ದೀಪ ಹಿಡಿದಿದ್ದರು. 2013ರ ಜೂನ್ ಪ್ರವಾಹದಲ್ಲಿ ಇಲ್ಲಿದ್ದ ಶಿವನನ್ನು ಗಂಗೆಯೇ ಒಯ್ದಿದ್ದಳು, ಟಿ.ವಿ.ಯಲ್ಲಿ ಆ ದೃಶ್ಯ ಕಂಡಿದ್ದ ನನಗೆ ದೀಪಗಳಿಗಿಂತ ನೀರಿನ ಮಟ್ಟದ ಕಡೆಗೇ ಕಣ್ಣು ಹೋಗುತ್ತಿತ್ತು. ಧ್ವನಿವರ್ಧಕದ ಅಬ್ಬರ ನನಗೆ ಹಿಡಿಸಲಿಲ್ಲವೆಂದು ಹೇಳಲೇಬೇಕು. ಎಲೆದೊನ್ನೆಯಲ್ಲಿ ಹೂವಿನ ನಡುವೆ ಹಣತೆಯಿಟ್ಟು ತೇಲಿಬಿಟ್ಟೆ. ಹತ್ತು ಮಾರು ಹೋಗುವಷ್ಟರಲ್ಲಿ ಅದು ಆರಿತು.

ಕತ್ತಲಲ್ಲಿ ಸೇತುವೆ ದಾಟಿ ಬಂದು ಭಜನಾ ಮಂದಿರವನ್ನು ಮತ್ತೊಮ್ಮೆ ಇಣುಕಿದೆ. ಬೆಳಗಿನವರು ಇರಲಿಲ್ಲ. ಅವರ ಜಾಗದಲ್ಲಿ ಶಾಲು ಹೊದ್ದ ಹೆಂಗಸೊಬ್ಬರು ಅದೇ ಮಂತ್ರವನ್ನು ಬೇರೆ ರಾಗದಲ್ಲಿ ಹಾಡುತ್ತಿದ್ದರು. ಬಾಗಿಲ ಬಳಿ ಅವರಿಂದ ಪಾಳಿ ವಹಿಸಿಕೊಳ್ಳಬೇಕಾದ ಹುಡುಗ ಚಪ್ಪಲಿ ಬಿಡುತ್ತಿದ್ದ.