ಸೂರ್ಯ ತಣ್ಣಗಿರುವಾಗಲೇ ಹಣ ಕೇಳಬೇಕು

ಬಾಹ್ಯಾಕಾಶ ಹವಾಮಾನದ, ಅಂದರೆ ಸೂರ್ಯನ ಸ್ಫೋಟಗಳು ಭೂಮಿಯ ಸುತ್ತ ಎಬ್ಬಿಸುವ ಬಿರುಗಾಳಿಗಳ, ಸಂಶೋಧನೆಗೆ ಯುರೋಪಿನಲ್ಲಿ ಸಾರ್ವಜನಿಕ ಹಣ ಸಿಗುವುದು ಸುಲಭವಲ್ಲ. ವಿಜ್ಞಾನದಲ್ಲಿ ಕೊರತೆ ಇದೆ ಅಂತಲ್ಲ. ಸೂರ್ಯನನ್ನು ನೋಡುವುದು ಖಗೋಳದವರ ಕೆಲಸ, ವಿದ್ಯುತ್ ಜಾಲ ಇಂಧನ ಇಲಾಖೆಯದು, ವಿಮಾನದ ರೇಡಿಯೊ ಸಾರಿಗೆಯವರದು, ಉಪಗ್ರಹ ಬಾಹ್ಯಾಕಾಶ ಸಂಸ್ಥೆಯದು. ಸೌರ ಬಿರುಗಾಳಿಯ ಮುನ್ಸೂಚನೆ ಇವರೆಲ್ಲರಿಗೂ ಬೇಕು, ಆದರೆ ಅದು ತಮ್ಮದೇ ಜವಾಬ್ದಾರಿ ಅಂತ ಯಾರೂ ಬಜೆಟ್ಟಿನಲ್ಲಿ ದುಡ್ಡು ತೆಗೆದಿಡುವುದಿಲ್ಲ.

ನಾನು ಬೆಲ್ಜಿಯಂನ ಒಂದು ಸಂಶೋಧನಾ ಸಂಸ್ಥೆಯ ಪ್ರಾಜೆಕ್ಟ್ ಆಫೀಸಿನಲ್ಲಿದ್ದೇನೆ. ವಿಜ್ಞಾನಿಗಳ ಜೊತೆ ಕೂತು ಹಣ ಕೇಳುವ ಪ್ರಪೋಸಲ್ ಬರೆಯುವುದು, ಬೇರೆ ದೇಶಗಳಲ್ಲಿ ಪಾಲುದಾರರನ್ನು ಹುಡುಕುವುದು ನನ್ನ ಕೆಲಸ. ನಮ್ಮ ಕಡೆಯಿಂದ ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ನಂತರದ ಸಂಶೋಧನೆಗೆ) ಬರುವವರು ಹಣ ಎಲ್ಲಿಂದ ಬರುತ್ತದೆ ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ನಿಮ್ಮದು ಒಬ್ಬರೇ ಬೆನ್ನಟ್ಟುವ ದಿಟ್ಟ ಪ್ರಶ್ನೆಯಾದರೆ ಯುರೋಪಿಯನ್ ಒಕ್ಕೂಟದ ಹಣ ಹಂಚುವ ಯುರೋಪಿಯನ್ ರಿಸರ್ಚ್ ಕೌನ್ಸಿಲ್‌ಗೆ ಹೋಗಿ. ವೃತ್ತಿಯ ಶುರುವಿನಲ್ಲಿರುವವರಿಗೆ ಅದು ಕೊಡುವ ಸ್ಟಾರ್ಟಿಂಗ್ ಗ್ರಾಂಟ್ ಸಾಮಾನ್ಯವಾಗಿ ಐದು ವರ್ಷಕ್ಕೆ 15 ಲಕ್ಷ ಯುರೋವರೆಗೆ ಇರುತ್ತದೆ. ಯಾವ ದೇಶದ ಪ್ರಜೆಯಾದರೂ ಅರ್ಜಿ ಹಾಕಬಹುದು, ಅಲ್ಲಿ ತೂಗುವುದು ವಿಜ್ಞಾನದ ಗುಣಮಟ್ಟವನ್ನು ಮಾತ್ರ.

ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ಈಸಾದ ದಾರಿ ಬೇರೆ. ಅದರ ಬಾಹ್ಯಾಕಾಶ ಸುರಕ್ಷತಾ ಕಾರ್ಯಕ್ರಮಕ್ಕೆ ಎಷ್ಟು ಕೊಡಬೇಕು ಅನ್ನುವುದನ್ನು ಪ್ರತಿ ಸದಸ್ಯ ದೇಶವೂ ತಾನೇ ತೀರ್ಮಾನಿಸುತ್ತದೆ, ಕೊಟ್ಟಷ್ಟಕ್ಕೆ ತಕ್ಕಂತೆ ಆ ದೇಶಕ್ಕೆ ಗುತ್ತಿಗೆಗಳು ಮರಳುತ್ತವೆ. ನಿಮ್ಮ ದೇಶ ದುಡ್ಡು ಹಾಕಿಲ್ಲ ಅಂದರೆ ನಿಮ್ಮ ಐಡಿಯಾ ಎಷ್ಟೇ ಚೆನ್ನಾಗಿದ್ದರೂ ಜಾಗ ಸಿಗುವುದು ಕಷ್ಟ. ಹಾಗಾಗಿ ಸುಮಾರು ಮೂರು ವರ್ಷಕ್ಕೊಮ್ಮೆ ನಡೆಯುವ ಸದಸ್ಯ ದೇಶಗಳ ಸಚಿವರ ಸಭೆಗೆ ಬಹಳ ಮುಂಚೆಯೇ ತಮ್ಮ ದೇಶದ ಸಚಿವಾಲಯದ ಬಾಗಿಲು ತಟ್ಟಬೇಕು. 2019ರಲ್ಲಿ ಸೆವಿಲ್, 2022ರಲ್ಲಿ ಪ್ಯಾರಿಸ್, 2025ರಲ್ಲಿ ಬ್ರೆಮೆನ್‌ನಲ್ಲಿ ಸಭೆ ನಡೆಯಿತು. ಸೂರ್ಯನ ಮಗ್ಗುಲನ್ನು, ಅದು ಭೂಮಿಯ ಕಡೆ ತಿರುಗುವ ಮುಂಚೆಯೇ ನೋಡಲಿರುವ 'ವಿಜಿಲ್' ನೌಕೆ ಹೀಗೆ ಸಭೆಯಿಂದ ಸಭೆಗೆ ಮುಂದೆ ಸಾಗಿ ಬಂದದ್ದು. ಉಡಾವಣೆ 2031ಕ್ಕೆ ನಿಗದಿಯಾಗಿದೆ. ಇಷ್ಟು ವರ್ಷ ಸೌರಸ್ಫೋಟಗಳನ್ನು ನಮಗೆ ತೋರಿಸುತ್ತಾ ಬಂದಿರುವ ಸೋಹೋ ನೌಕೆ 1995ರಲ್ಲಿ ಹಾರಿದ್ದು! ಇದನ್ನು ಅಧಿಕಾರಿಗಳಿಗೆ ಎಷ್ಟು ಸಲ ಹೇಳಿದರೂ ಸಾಲದು.

ಹೆಚ್ಚಿನವರು ಬಂದು ನಿಲ್ಲುವುದು ಯುರೋಪಿಯನ್ ಒಕ್ಕೂಟದ ಸಂಶೋಧನಾ ಕಾರ್ಯಕ್ರಮ ಹೊರೈಜನ್ ಯುರೋಪಿನ ಮುಂದೆ. 2021ರಿಂದ 2027ರವರೆಗೆ ಅಂತ ಅದಕ್ಕೆ ಶುರುವಿನಲ್ಲಿ ಇಟ್ಟದ್ದು ಸುಮಾರು 9,550 ಕೋಟಿ ಯುರೋ. ಕನಿಷ್ಠ ಮೂರು ದೇಶಗಳ ಮೂರು ಸಂಸ್ಥೆಗಳು ಸೇರಿ ಕೂಟ ಕಟ್ಟಬೇಕು. ಉತ್ಕೃಷ್ಟತೆ, ಪರಿಣಾಮ, ಅನುಷ್ಠಾನ, ಹೀಗೆ ಮೂರು ಭಾಗಕ್ಕೆ ತಲಾ ಐದು ಅಂಕ. ಸಾಮಾನ್ಯವಾಗಿ ಒಂದೊಂದರಲ್ಲೂ ಮೂರು, ಒಟ್ಟು ಹತ್ತು ಬಂದರೆ ಪಾಸು. ಪಾಸಾದ ಮಾತ್ರಕ್ಕೆ ಹಣ ಬರುವುದಿಲ್ಲ. ಪೈಪೋಟಿ ಇರುವುದು ಅದಕ್ಕಿಂತ ತುಂಬಾ ಮೇಲೆ. ಮೌಲ್ಯಮಾಪಕರು ಹಾಳೆಯ ಮೇಲೆ ಇರುವುದನ್ನಷ್ಟೇ ಅಳೆಯಬೇಕು, "ಹೀಗೆ ತಿದ್ದಿಕೊಂಡರೆ ಚೆನ್ನಾಗಿರುತ್ತದೆ" ಅಂತ ಅಂಕ ಕೊಡುವ ಹಾಗಿಲ್ಲ.

ನಮ್ಮ ಕ್ಷೇತ್ರದ ಪ್ರಪೋಸಲ್‌ಗಳು ಸೋಲುವುದು 'ಪರಿಣಾಮ'ದ ಭಾಗದಲ್ಲಿ ಅನ್ನುವುದು ನಾನು ಕಂಡುಕೊಂಡದ್ದು. ವಿಜ್ಞಾನಿಗಳು ಉತ್ಕೃಷ್ಟತೆಗೆ ಜೀವ ತೇಯ್ದು, ಅಲ್ಲಿಗೆ ಬರುವಷ್ಟರಲ್ಲಿ ದಣಿದಿರುತ್ತಾರೆ. 1859ರ ಕ್ಯಾರಿಂಗ್ಟನ್ ಸೌರ ಬಿರುಗಾಳಿ, 1989ರಲ್ಲಿ ಅಂಥದ್ದೇ ಬಿರುಗಾಳಿಗೆ ಕೆನಡಾದ ಕ್ವಿಬೆಕ್ ಕತ್ತಲಾದದ್ದು, ಇವೆರಡನ್ನು ಬರೆದು ಮುಗಿಸುತ್ತಾರೆ. ಪಕ್ಕದ ಅರ್ಜಿಯಲ್ಲೂ ಅವೇ ಇರುತ್ತವೆ. ಯುರೋಪಿನ ತೆರಿಗೆ ಹಣ ಕೇಳುವಾಗ ಯುರೋಪಿನಲ್ಲಿ ಆದದ್ದನ್ನು ಹೇಳಬೇಕು: 2003ರ ಅಕ್ಟೋಬರ್ 30ರಂದು ಸೌರ ಬಿರುಗಾಳಿಯಿಂದ ಸ್ವೀಡನ್ನಿನ ಮಾಲ್ಮೊದಲ್ಲಿ ಸುಮಾರು 50,000 ಗ್ರಾಹಕರಿಗೆ ಕರೆಂಟ್ ಹೋಯಿತು, 2015ರ ನವೆಂಬರ್ 4ರಂದು ಸೂರ್ಯನ ರೇಡಿಯೊ ಸ್ಫೋಟ ಅದೇ ದೇಶದ ವಿಮಾನ ರೇಡಾರ್‌ಗಳನ್ನು ಕಂಗೆಡಿಸಿತು.

ಅದಕ್ಕಿಂತ ಮುಖ್ಯ, ಮುನ್ಸೂಚನೆ ಬಳಸುವವರ ಹತ್ತಿರ ಮೊದಲೇ ಹೋಗಿ ಮಾತಾಡುವುದು. ಸೌರಸ್ಫೋಟದಲ್ಲಿ ಹೊರಬಿದ್ದ ವಿದ್ಯುತ್ಕಣಗಳ ಮೋಡ ಭೂಮಿ ಮುಟ್ಟುವ ಹೊತ್ತನ್ನು ಹೇಳುವಲ್ಲಿ ಈಗಲೂ ಹತ್ತು ಗಂಟೆಯ ಆಸುಪಾಸು ತಪ್ಪಾಗುತ್ತದೆ. ಅದನ್ನು ಎಂಟಕ್ಕಿಳಿಸಿದರೆ ವಿಜ್ಞಾನಿಗೆ ಹಬ್ಬ. ವಿದ್ಯುತ್ ಜಾಲದ ಕಂಟ್ರೋಲ್ ರೂಮಿನ ಎಂಜಿನಿಯರ್ ಕೇಳುವುದೇ ಬೇರೆ: ಬಿರುಗಾಳಿಯಿಂದ ನನ್ನ ಟ್ರಾನ್ಸ್‌ಫಾರ್ಮರ್‌ನಲ್ಲಿ ಎಷ್ಟು ಆಂಪಿಯರ್ ಹರಿಯುತ್ತದೆ, ಹತ್ತು ಸಲ ಎಚ್ಚರಿಸಿದರೆ ಎಷ್ಟು ಸಲ ಸುಳ್ಳಾಗುತ್ತದೆ? ಈ ಮಾತು ಪ್ರಪೋಸಲ್ ಬರೆಯುವ ಮುಂಚೆ ನಡೆದರೆ ಕೆಲಸದ ಹಂಚಿಕೆಯೇ ಬದಲಾಗುತ್ತದೆ. ಬರೆದ ಮೇಲೆ ನಡೆದರೆ ಒಂದು ಬೆಂಬಲ ಪತ್ರ ಸಿಗುತ್ತದೆ, ಅಷ್ಟೇ. ಪತ್ರಕ್ಕಿಂತ ಅವರನ್ನೇ ಪಾಲುದಾರರಾಗಿ ಸೇರಿಸಿ, ಆ ಎಂಜಿನಿಯರ್ ಕೊಡುವ ಸಮಯಕ್ಕೂ ಬಜೆಟ್ಟಿನಲ್ಲಿ ಹಣ ಇಡಿ ಅಂತ ನಾನು ಹಟ ಹಿಡಿಯುತ್ತೇನೆ.

ಪ್ರಾಜೆಕ್ಟ್ ಮುಗಿದ ಮೇಲೆ ಮುನ್ಸೂಚನೆಯ ಕಂಪ್ಯೂಟರ್ ಮಾದರಿಯನ್ನು ನಡೆಸುವವರು ಯಾರು ಅನ್ನುವುದಕ್ಕೂ ಉತ್ತರ ಬೇಕು. ಬರೆದ ಪೋಸ್ಟ್‌ಡಾಕ್ ಬೇರೆ ಊರಿಗೆ ಹೋದ ಕೂಡಲೇ ಒಳ್ಳೊಳ್ಳೆ ಕೋಡ್‌ಗಳು ಮೂಲೆ ಸೇರಿದ್ದನ್ನು ನೋಡಿ ಹೊಟ್ಟೆ ಉರಿದಿದೆ. ಬ್ರಸೆಲ್ಸ್‌ನಲ್ಲಿ ಸಮನ್ವಯ ಕೇಂದ್ರವಿರುವ ಈಸಾದ ಸೇವಾ ಜಾಲಕ್ಕೋ, ಬ್ರಿಟನ್ನಿನ ಹವಾಮಾನ ಇಲಾಖೆ ಮೆಟ್ ಆಫೀಸಿಗೋ ಒಪ್ಪಿಸುವ ದಾರಿಯನ್ನು ಪ್ರಪೋಸಲ್‌ನಲ್ಲೇ ತೋರಿಸಿ. ಬ್ರಿಟನ್ನಿನಲ್ಲಿ ಸೌರ ಬಿರುಗಾಳಿ 2012ರ ಹೊತ್ತಿಗೆ ರಾಷ್ಟ್ರೀಯ ಅಪಾಯಗಳ ಪಟ್ಟಿ ಸೇರಿತು, 2014ರಲ್ಲಿ ಮೆಟ್ ಆಫೀಸಿನ ಮುನ್ಸೂಚನಾ ಕೇಂದ್ರ ತೆರೆಯಿತು, ಆಮೇಲೆ ಸುಮಾರು 2 ಕೋಟಿ ಪೌಂಡ್‌ನ ಸಂಶೋಧನಾ ಕಾರ್ಯಕ್ರಮ ಬಂತು. ಆ ಪಟ್ಟಿಗೆ ಸೇರಿಸಲು ದುಡಿದವರ ಕೆಲಸ ಯಾವ ಪ್ರಬಂಧಕ್ಕೂ ಕಡಿಮೆಯದಲ್ಲ ಅಂತ ನನ್ನ ಅಭಿಪ್ರಾಯ.

ಈಗ ಆತುರ ಯಾಕೆ ಅಂದರೆ, 2024ರ ಮೇ 10ರ ಬಿರುಗಾಳಿ 2003ರ ನಂತರದ ಮೊದಲ ಜಿ5, ಅಂದರೆ ಅಳತೆಪಟ್ಟಿಯ ಅತಿ ತೀವ್ರ ದರ್ಜೆಯದು. ಯುರೋಪಿನ ಆಕಾಶವೆಲ್ಲ ಬಣ್ಣವಾಯಿತು, ಲಡಾಖ್‌ನ ಹಾನ್ಲೆಯಲ್ಲೂ ಕೆಂಪು ಕಂಡಿತು. ಆಗ ಎಲ್ಲರೂ ನಮಗೆ ಫೋನ್ ಮಾಡಿದರು. ಆದರೆ ಮುಂದಿನ ಏಳು ವರ್ಷದ ಕಾರ್ಯಕ್ರಮ 2028ಕ್ಕೆ ಶುರು. ಅದಕ್ಕೆ 17,500 ಕೋಟಿ ಯುರೋ ಬೇಕೆಂದು ಯುರೋಪಿಯನ್ ಕಮಿಷನ್ 2025ರ ಜುಲೈನಲ್ಲಿ ಪ್ರಸ್ತಾಪಿಸಿದೆ. ಅದರ ವಿವರಗಳನ್ನು ಬರೆಯುವ ಹೊತ್ತಿಗೆ ಹನ್ನೊಂದು ವರ್ಷದ ಚಕ್ರದಲ್ಲಿ ಸೂರ್ಯ ತಣ್ಣಗಾಗುತ್ತಿರುತ್ತಾನೆ. ಮುಂದಿನ ಬಿರುಗಾಳಿ ಬಂದ ಮೇಲೆ ಕೇಳೋಣ ಅನ್ನುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಅದಕ್ಕೇ ಆ ಮೇ ತಿಂಗಳಲ್ಲಿ ಯಾರ ಜಿಪಿಎಸ್ ಕೈಕೊಟ್ಟಿತು, ಯಾವ ಕಂಟ್ರೋಲ್ ರೂಮಿನಲ್ಲಿ ಏನು ನಿರ್ಧಾರವಾಯಿತು ಎಂಬುದನ್ನು ನೆನಪು ಮಾಸುವ ಮುಂಚೆ ಬರೆಸಿಕೊಳ್ಳುತ್ತಿದ್ದೇವೆ.

ಊರಲ್ಲಿರುವವರಿಗೆ ಇನ್ನೊಂದು ವಿಷಯ. ಭಾರತದ ಸಂಸ್ಥೆಗಳು ಹೊರೈಜನ್ ಕೂಟಕ್ಕೆ ಸೇರಬಹುದು, ಆದರೆ ಸಾಮಾನ್ಯವಾಗಿ ಖರ್ಚು ತಮ್ಮದೇ. ಯುರೋಪಿನ ಹಣ ತಾನಾಗಿ ಬರುವುದಿಲ್ಲ. ಭಾರತದ ಸೂರ್ಯ ವೀಕ್ಷಣಾ ನೌಕೆ ಆದಿತ್ಯ-ಎಲ್1ರ ಉಪಕರಣಗಳು ಆ ಮೇ ಬಿರುಗಾಳಿಯನ್ನು ದಾಖಲಿಸಿವೆ, ಅದರ ಮುಖ್ಯ ಕೊರೊನಾಗ್ರಾಫ್ (ಸೂರ್ಯನ ಬಿಂಬ ಮರೆಮಾಡಿ ಸುತ್ತಲಿನ ವಾತಾವರಣ ತೋರಿಸುವ ದೂರದರ್ಶಕ) ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಆ ದತ್ತಾಂಶದ ಮೇಲೆ ಕೈಯಾಡಿಸಿದವರು ಇಲ್ಲಿನ ಗುಂಪುಗಳಿಗೆ ಪತ್ರ ಬರೆಯಲು ಅರ್ಜಿ ಕರೆಯುವವರೆಗೆ ಕಾಯಬೇಡಿ. ಅಷ್ಟರಲ್ಲಿ ಕೂಟಗಳು ಕಟ್ಟಿ ಮುಗಿದಿರುತ್ತವೆ.